ತಳದಲ್ಲಿ ಉಳಿಸಿದ ರಸ

ಹತ್ತು ಇಪ್ಪತ್ತಕ್ಕೆ ಧೊಂಡಿಬಾ ಮಿಸ್ತ್ರಿ ಕುಲುಮೆಯಿಂದ ಒಂದು ಸೌಟು ಕಬ್ಬಿಣದ ರಸ ಎತ್ತಿ ಮರಳಿನ ಕಪ್ಪಿಗೆ ಸುರಿದ. ರಸದ ಬಿಸಿ ಹೇಗೆ ಇಳಿಯುತ್ತಿದೆ ಎಂಬುದನ್ನು ಕಪ್ಪಿನೊಳಗಿನ ತಂತಿ ಮೀಟರಿಗೆ ಮುಟ್ಟಿಸಿತು. ಮೀಟರು ಅದನ್ನು ಗಾಜಿನ ಕೋಣೆಯ ಕಂಪ್ಯೂಟರಿಗೆ ಮುಟ್ಟಿಸಿತು. ಇನ್ನು ಕಂಪ್ಯೂಟರು ಲೆಕ್ಕ ಹಾಕಿ, ರಸದಲ್ಲಿ ಕಾರ್ಬನ್ ಎಷ್ಟಿದೆ, ಸಿಲಿಕಾನ್ ಎಷ್ಟಿದೆ, ಯಾವುದನ್ನು ಎಷ್ಟು ಕಿಲೋ ಬೆರೆಸಬೇಕು ಎಂದು ಚೀಟಿ ಹೊಡೆದು ಕೊಡಬೇಕು. ಒಂದು ನಿಮಿಷದ ಕೆಲಸ.

ಹತ್ತೂವರೆಯಾದರೂ ಚೀಟಿ ಬರಲಿಲ್ಲ.

"ಏ ಗುರಾ, ಬಂತೇನೋ?" ಧೊಂಡಿಬಾ ಬಾಗಿಲಲ್ಲಿ ತಲೆ ತೂರಿಸಿ ಕೂಗಿದ. ಹಣೆಯ ಬೆವರಿನ ಮೇಲೆ ಕರಿ ಮಣ್ಣು ಮೆತ್ತಿತ್ತು.

"ಬರಾಕತ್ತೈತಿ ಮಾಮಾ."

"ಬರಾಕತ್ತೈತಿ ಅಂದ್ರ ಎಲ್ಲಿಗಿ ಬಂದೈತಿ? ಸಾಂಗ್ಲಿ ಸ್ಟ್ಯಾಂಡಿನ್ಯಾಗ ಕುಂತು ಚಾ ಕುಡ್ಯಾಕತ್ತೈತೇನು?"

ಗುರುಸಿದ್ದ ಕಂಪ್ಯೂಟರಿನತ್ತ ತಿರುಗಿದ. ಪರದೆಯ ಮೇಲೆ ಹಸಿರು ಗೆರೆಯೊಂದು ಮಿನುಗುತ್ತಿತ್ತು, ಅಷ್ಟೇ. ಪರದೆಯ ನೆತ್ತಿಯಿಂದ ಒಂದು ಲಿಂಬೆಹಣ್ಣು, ಐದು ಹಸಿಮೆಣಸಿನಕಾಯಿ ದಾರದಲ್ಲಿ ಇಳಿಬಿದ್ದಿದ್ದವು. ಹೋದ ವಾರ ಧೊಂಡಿಬಾನೇ ಕಟ್ಟಿದ್ದು. ಮೆಣಸಿನಕಾಯಿ ಒಣಗಿದವು, ಮಷೀನು ಚುರುಕಾಗಲಿಲ್ಲ.

ಅದು ಎಂಬತ್ತೆಂಟರ ಫೆಬ್ರವರಿ. ಕೊಲ್ಲಾಪುರದ ಹೊರಗೆ ಶಿರೋಳಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ರಾವಸಾಹೇಬರ ಫೌಂಡ್ರಿ ತೀರಾ ದೊಡ್ಡದೇನಲ್ಲ; ಒಂದು ಕರೆಂಟಿನ ಕುಲುಮೆ, ಐವತ್ತು ಆಳು. ಆದರೆ ಆ ಸಾಲಿನಲ್ಲಿ ಕಂಪ್ಯೂಟರು ಇದ್ದದ್ದು ಅಲ್ಲಿ ಮಾತ್ರ. ಪುಣೆಯ ಟ್ರ್ಯಾಕ್ಟರ್ ಕಂಪನಿಯವರು, ಪ್ರತಿ ಹೀಟಿಗೂ, ಅಂದರೆ ಒಂದೊಂದು ಸಲ ಕರಗಿಸಿದ ರಸಕ್ಕೂ, ಮಷೀನಿನಿಂದ ಹೊಡೆದ ಚೀಟಿ ಇದ್ದರೆ ಮಾತ್ರ ಮಾಲು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಇವತ್ತು ಅವರ ಇನ್ಸ್‌ಪೆಕ್ಟರು ಖುದ್ದಾಗಿ ಬಂದು, ಬಿಳಿ ಹೆಲ್ಮೆಟ್ಟು ಹಾಕಿಕೊಂಡು ಕುಲುಮೆಯ ಕಟ್ಟೆಯ ಮೇಲೆ ನಿಂತಿದ್ದ. ಐದು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡುತ್ತಿದ್ದ.

ಕಾದ ರಸವನ್ನು ಹೆಚ್ಚು ಹೊತ್ತು ಇಟ್ಟರೆ ಅದು ಸಾಯುತ್ತದೆ ಎನ್ನುತ್ತಾರೆ ಕುಲುಮೆಯವರು. ನೋಡಲು ಹಾಗೇ ಕೆಂಪಗೆ ಕುದಿಯುತ್ತಿರುತ್ತದೆ. ಎರಕ ಹೊಯ್ದರೆ ಕಬ್ಬಿಣ ಬೆಳ್ಳಗೆ, ಗಾಜಿನಂತೆ ಗಡುಸಾಗಿ ಬರುತ್ತದೆ, ಲೇಥಿಗೆ ಕೊಟ್ಟರೆ ಟೂಲು ಮುರಿಯುತ್ತದೆ. ಹನ್ನೊಂದರೊಳಗೆ ಹೊಯ್ಯದಿದ್ದರೆ ಇಡೀ ಅರ್ಧ ಟನ್ ರಸವನ್ನು ನೆಲದ ಮರಳಿನ ಗುಂಡಿಗೆ ಚೆಲ್ಲಬೇಕು. ಈ ಹದಿನೈದು ದಿನದಲ್ಲಿ ಹಾಗೆ ಎರಡು ಸಲ ಚೆಲ್ಲಿದ್ದರು. ಎರಡನೆಯ ಸಲ ರಾವಸಾಹೇಬರು ಗಾಜಿನ ಕೋಣೆಗೆ ಬಂದು, ಕೂಗದೆ, ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ಹೇಳಿದ್ದರು: "ಇನ್ನೊಂದು ಹೀಟ್ ಈ ಡಬ್ಬಿ ಸಲುವಾಗಿ ಮಣ್ಣಿಗಿ ಹೋತಂದ್ರ, ಡಬ್ಬೀನೂ ಹೊರಗ, ಅದರ ಮುಂದ ಕುಂತಾಂವನೂ ಹೊರಗ."

ಮುಂದೆ ಕೂತವನು ಗುರುಸಿದ್ದ. ಊರು ಗಡಹಿಂಗ್ಲಜ ತಾಲೂಕಿನ ಮಹಾಗಾಂವ, ವಯಸ್ಸು ಮೂವತ್ತೊಂದು. ಆರು ವರ್ಷ ಧೊಂಡಿಬಾನ ಕೈಕೆಳಗೆ ಕುಲುಮೆಯಲ್ಲಿ ದುಡಿದಿದ್ದ. ಎರಡು ವರ್ಷದ ಹಿಂದೆ ಒದ್ದೆ ಮರಳಿಗೆ ರಸ ಬಿದ್ದು ಸಿಡಿಯಿತು. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದವು. ಅವನು ಲೇಬರ್ ಆಫೀಸಿಗೆ ಕೊಟ್ಟ ಪರಿಹಾರದ ಅರ್ಜಿ ವಾಪಸು ತೆಗೆದುಕೊಂಡ. ರಾವಸಾಹೇಬರು ಕಂಪ್ಯೂಟರಿನ ಕುರ್ಚಿ ಕೊಟ್ಟರು. ಇದರಲ್ಲಿ ದಯೆಯ ಮಾತು ಯಾರೂ ಆಡಲಿಲ್ಲ. ಎರಡು ಬೆರಳಿಗೆ ಶಿರೋಳಿಯಲ್ಲಿ ಬೇರೆ ಕೆಲಸ ಇರಲಿಲ್ಲ, ಮಹಾಗಾಂವದಲ್ಲಂತೂ ಇರಲಿಲ್ಲ. ಕುರ್ಚಿ ಹೋದರೆ ಎಲ್ಲ ಹೋಯಿತು. ಇದು ಅವನಿಗೂ ಗೊತ್ತಿತ್ತು, ಫೌಂಡ್ರಿಯಲ್ಲಿ ಇದ್ದವರಿಗೆಲ್ಲ ಗೊತ್ತಿತ್ತು.

ಮಷೀನು ನಿಧಾನವಾಗತೊಡಗಿದ್ದು ಮೂರು ವಾರದ ಹಿಂದೆ. ಅದೇ ಹೊತ್ತಿಗೆ ರಾವಸಾಹೇಬರು ಕರೆಂಟು ಹೋದರೂ ಮಷೀನು ನಿಲ್ಲಬಾರದೆಂದು ದೊಡ್ಡ ಬ್ಯಾಟರಿಗಳನ್ನು ಹಾಕಿಸಿದ್ದರು. ಹಾಗಾಗಿ ಮೊದಲು ಬ್ಯಾಟರಿಯ ಮೇಲೆ ಅನುಮಾನ ಬಂತು. ಆಮೇಲೆ ಧೂಳಿನ ಮೇಲೆ. ಆಮೇಲೆ ಶೆವಂತಾಳ ಮೇಲೆ.

ಶೆವಂತಾ ಸ್ಟೋರಿನ ಕ್ಲಾರ್ಕು. ಇಪ್ಪತ್ತೆರಡರ ಹುಡುಗಿ, ದಿನಾ ಇಚಲಕರಂಜಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಸ್ಟೋರಿನಲ್ಲಿ ಇದೇ ಮಷೀನಿನ ಇನ್ನೊಂದು ಪರದೆ ಇತ್ತು. ಅದರಲ್ಲಿ ಅವಳು ಎಷ್ಟು ಕಬ್ಬಿಣದ ಗಟ್ಟಿ ಬಂತು, ಎಷ್ಟು ಭಂಗಾರ, ಅಂದರೆ ಗುಜರಿ ಕಬ್ಬಿಣ ಬಂತು ಎಂದು ತುಂಬುತ್ತಿದ್ದಳು. "ಒಂದ ಎಂಜಿನ್, ಎರಡು ಗಾಡಿ. ಹಿಂದಿನ ಗಾಡ್ಯಾಗ ಹುಡಿಗಿ ಏನ್ ತುಂಬ್ಯಾಳೋ ಯಾರಿಗಿ ಗೊತ್ತು" ಎಂದು ಧೊಂಡಿಬಾ ಚೇಷ್ಟೆಗೆ ಅಂದಿದ್ದು, ರಾವಸಾಹೇಬರ ತಲೆಯಲ್ಲಿ ಚೇಷ್ಟೆಯಾಗಿ ಉಳಿಯಲಿಲ್ಲ.

ಹತ್ತು ಮೂವತ್ನಾಲ್ಕಕ್ಕೆ ರಾವಸಾಹೇಬರು ಕೊಲ್ಲಾಪುರಕ್ಕೆ ಫೋನು ಹಚ್ಚಿದರು. ಮಷೀನು ಮಾರಿದ ಅಂಗಡಿಯ ಎಂಜಿನಿಯರ್ ಕೃಷ್ಣಾತ ಅಲ್ಲಿ ಸಿಕ್ಕ. ಬರಲು ಮುಕ್ಕಾಲು ಗಂಟೆ ಬೇಕು ಎಂದ. ಅಷ್ಟು ಹೊತ್ತು ಇರಲಿಲ್ಲ. ಹಾಗಾದರೆ ಮಧ್ಯಾಹ್ನ ಬರುತ್ತೇನೆ, ಈಗ ಫೋನಿನಲ್ಲೇ ಹೇಳುತ್ತೇನೆ ಎಂದ. ಆದರೆ ಫೋನು ಇದ್ದದ್ದು ರಾವಸಾಹೇಬರ ಕ್ಯಾಬಿನ್ನಿನಲ್ಲಿ, ಅದರ ವಾಯರು ಕಂಪ್ಯೂಟರಿನ ತನಕ ಬರುತ್ತಿರಲಿಲ್ಲ. ನಡುವೆ ಒಂದು ಕಿಟಕಿ, ಹೊರಗೆ ಕುಲುಮೆಯ ಗುಂಯ್ ಸದ್ದು, ಅಚ್ಚಿನ ಮರಳು ಬಡಿಯುವ ರಮ್ಮಿಂಗಿನ ಹೊಡೆತ.

"ಶೆವಂತಾನ್ನ ಕರೀರಿ," ಅಂದ ಧೊಂಡಿಬಾ. "ಮಗ್ಗದಾಗ ಬೆಳದ ಹುಡಿಗಿ. ಕಿವಿ ಕೇಳದಿದ್ರೂ ತುಟಿ ನೋಡಿ ಮಾತ ತಿಳ್ಕೋತಾಳ."

ಅದು ನಿಜವಾಗಿತ್ತು. ಇಚಲಕರಂಜಿಯಲ್ಲಿ ಅವಳ ಮನೆಯ ಕೆಳಗೆ ಆರು ಪವರ್‌ಲೂಮು ಹಗಲಿಡೀ ಬಡಿಯುತ್ತಿದ್ದವು. ಮನೆಯವರೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದರು. ಶೆವಂತಾ ಓಡಿ ಬಂದು, ರಿಸೀವರು ಕಿವಿಗೆ ಒತ್ತಿ ಕಿಟಕಿಯಲ್ಲಿ ನಿಂತಳು. ರಾವಸಾಹೇಬರು ಗಾಜಿನ ಕೋಣೆಗೆ ಬಂದು ಗುರುಸಿದ್ದನ ಹಿಂದೆ ನಿಂತರು.

"ಗುರಣ್ಣಾ, ಬಂದ್ ಮಾಡಿ ಸುರು ಮಾಡಲೇನು ಅಂತ ಕೇಳಬ್ಯಾಡ ಅಂತಾರ," ಕಿಟಕಿಯಿಂದ ಕೂಗಿದಳು. "ಹಂಗ ಬಂದ್ ಮಾಡಿದ್ರ ಡಿಸ್ಕ್ ತಪಾಸಿಸಾಕ ಅರ್ಧಾ ತಾಸ ಹಿಡೀತೈತಂತ. ಈ ಹೀಟಿನ ರೀಡಿಂಗೂ ಹೋಗ್ತೈತಂತ."

"ಹಂಗಾರ ಏನ್ ಮಾಡ್ಲಿ?"

"ಆಲ್ಟ್ ಹಿಡದು ಎಫ್ ಎರಡು ಒತ್ತು. ಎರಡನೇ ಪರದಾ ಬರ್ತೈತಿ. ನಿನ್ನ ಹೆಸರು ಹಾಕಿ ಒಳಗ ಹೋಗು."

ಒತ್ತಿದ. ಪರದೆ ಕಪ್ಪಾಯಿತು, ಹೆಸರು ಕೇಳಿತು. ಗುರು ಎಂದು ಇಂಗ್ಲಿಷಿನ ನಾಲ್ಕು ಅಕ್ಷರ ಒತ್ತಿ ಕಾದ. ಮೊದಲ ಅಕ್ಷರ ಮೂಡಲು ಎಣಿಸಿ ಆರು ಸೆಕೆಂಡು ಬೇಕಾಯಿತು. ನಾಲ್ಕೂ ಅಕ್ಷರ ಮೂಡುವಷ್ಟರಲ್ಲಿ ಹೊರಗೆ ಇನ್ಸ್‌ಪೆಕ್ಟರು ಮತ್ತೊಮ್ಮೆ ಗಡಿಯಾರ ನೋಡಿದ.

"ಈಗ ಪಿ, ಎಸ್. ಜಾಗಾ ಬಿಟ್ಟು ಗೆರಿ ಹೊಡದು ಇ, ಎಫ್. ಒಳಗ ಯಾರ ಯಾರ ಕೆಲಸಾ ಮಾಡಾಕತ್ತಾರ ಅಂತ ಯಾದಿ ಬರ್ತೈತಂತ."

"ಒಳಗ ಯಾರ ಇರ್ತಾರ?" ರಾವಸಾಹೇಬರು ಹುಬ್ಬು ಗಂಟಿಕ್ಕಿದರು.

ಶೆವಂತಾ ಫೋನಿಗೆ ಕೇಳಿ ಮತ್ತೆ ಕೂಗಿದಳು: "ಪರದಾದಾಗ ಕಾಣಸೂದು ಒಂದ ಕೆಲಸಾ ಅಂತ್ರಿ. ಕಾಣಲಾರದ್ದು ಹಿಂದ ನಡದಿರ್ತಾವಂತ. ಅವಕ್ಕೂ ಮಷೀನಿನ ಕೈನ ಬೇಕು. ಹಿಂದ ಭಾಳ ಆದ್ರ ಮುಂದಿಂದು ನಿಂದರತೈತಂತ."

ಯಾದಿ ಬರತೊಡಗಿತು. ಸಾಲು ಸಾಲಾಗಿ ಮೇಲಿನಿಂದ ಇಳಿಯಿತು, ಒಂದೊಂದು ಸಾಲಿಗೂ ನಡುವೆ ಉಸಿರೆಳೆದುಕೊಂಡು. ಮೊದಲ ನಾಲ್ಕೈದು ಸಾಲು ಮಷೀನಿನವೇ. ಆಮೇಲೆ ಬಂದವು ಒಂದೇ ತರಹ. ಪ್ರತಿ ಸಾಲಿನ ಕೊನೆಯಲ್ಲೂ ಹೀಟ್ ಲೆಕ್ಕದ ಪ್ರೋಗ್ರಾಮಿನ ಹೆಸರು. ಒಂದು, ಎರಡು, ಐದು, ಹತ್ತು. ಗುರುಸಿದ್ದ ತೋರುಬೆರಳನ್ನು ಗಾಜಿಗೆ ಹಚ್ಚಿ ಎಣಿಸಿದ. ಇಪ್ಪತ್ತು.

"ಇಪ್ಪತ್ತು ಅದಾವು," ಅಂದ.

"ಇಪ್ಪತ್ತ್ ಯಾಕೋ? ಇರೂದು ಒಂದ ಕುಲಮಿ," ಅಂದರು ರಾವಸಾಹೇಬರು.

ಶೆವಂತಾ ಫೋನಿನಲ್ಲಿ ಕೇಳಿಸಿಕೊಂಡು ಕೂಗಿದಳು: "ಮೀಟರಿನಿಂದ ಒಂದು ರೀಡಿಂಗ್ ಬಂತಂದ್ರ ಇಪ್ಪತ್ತೂ ಕೂಡಿ ಅದನ್ನ ಲೆಕ್ಕಾ ಮಾಡಾಕ ಕುಂದರತಾವಂತ. ಅದಕ್ಕ ಒಂದೂ ಮುಗಿಯಾಕತ್ತಿಲ್ಲ. ಸಾಲಿನ್ಯಾಗ ಟೈಮ್ ಇರ್ತೈತಿ, ಯಾವಾಗ ಸುರು ಆಗ್ಯಾವ ನೋಡು ಅಂತಾರ."

ನೋಡಿದ. ಒಂದು ಇವತ್ತಿನದು, ಬೆಳಗಿನ ಏಳು ಹನ್ನೆರಡು. ಉಳಿದ ಹತ್ತೊಂಬತ್ತು ಹಿಂದಿನ ದಿನಗಳವು, ಒಂದೊಂದು ದಿನಕ್ಕೆ ಒಂದೊಂದು. ಫೌಂಡ್ರಿಯ ವಾರದ ರಜೆ, ಸುಟ್ಟಿಯ ದಿನ ಬಿಟ್ಟು ಮಿಕ್ಕೆಲ್ಲ ದಿನ. ಮತ್ತು ಮೊದಲ ಅಂಕಣದಲ್ಲಿ, ಮೇಲಿನಿಂದ ಕೆಳಗಿನ ತನಕ, ಒಂದೇ ಹೆಸರು.

ಗುರು. ಗುರು. ಗುರು. ಗುರು.

ಗುರುಸಿದ್ದನಿಗೆ ಒಮ್ಮೆಲೇ ಎಲ್ಲ ಗೊತ್ತಾಯಿತು.

ಕುಲುಮೆಯಲ್ಲಿ ಧೊಂಡಿಬಾ ಮೊದಲ ದಿನವೇ ಕಲಿಸಿದ ಪಾಠ ಅದು. ಪಾಳಿ ಮುಗಿಸಿ ಹೋಗುವವನು ಕುಲುಮೆಯನ್ನು ಪೂರ್ತಿ ಬರಿದು ಮಾಡಬಾರದು. ಮೂರರಲ್ಲಿ ಒಂದು ಪಾಲು ರಸ ತಳದಲ್ಲಿ ಬಿಟ್ಟು ಹೋಗಬೇಕು. ಆ ರಸದ ಮೇಲೆ ಹೊಸ ಭಂಗಾರ ಬಿದ್ದರೆ ಬೇಗ ಕರಗುತ್ತದೆ. ಖಾಲಿ ಕುಲುಮೆಗೆ ಹಾಕಿದರೆ ಎರಡರಷ್ಟು ಹೊತ್ತು ಹಿಡಿಯುತ್ತದೆ. ಬರಿದು ಮಾಡಿ ಹೋದವನಿಗೆ ಮುಂದಿನ ಪಾಳಿಯವರು ಅವ್ವ ಅಪ್ಪನನ್ನು ಹಿಡಿದು ಬೈಯುತ್ತಾರೆ. ಆರು ವರ್ಷ ಗುರುಸಿದ್ದ ಒಂದು ದಿನವೂ ಬೈಸಿಕೊಂಡಿರಲಿಲ್ಲ.

ಕಂಪ್ಯೂಟರಿನಲ್ಲಿ ಹೀಟ್ ಲೆಕ್ಕದ ಪ್ರೋಗ್ರಾಮು ಬೆಳಿಗ್ಗೆ ತೆರೆದುಕೊಳ್ಳಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. ತಿಂಗಳ ಕೊನೆಯ ಉದ್ದನೆಯ ಯಾದಿಗೆಂದು ಕೃಷ್ಣಾತ ಒಂದು ಯುಕ್ತಿ ಹೇಳಿಕೊಟ್ಟಿದ್ದ: ಪ್ರೋಗ್ರಾಮಿನ ಹೆಸರಿನ ಮುಂದೆ ಒಂದು ಶಬ್ದ, ಹಿಂದೆ ಗಂಟು ಹಾಕಿದಂಥ ಒಂದು ಗುರುತು ಒತ್ತಿದರೆ, ನೀನು ಎದ್ದು ಮನೆಗೆ ಹೋದರೂ ಅದು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಒಂದು ಸಂಜೆ ಗುರುಸಿದ್ದ ಅದೇ ಯುಕ್ತಿಯನ್ನು ಹೀಟ್ ಲೆಕ್ಕಕ್ಕೆ ಹಚ್ಚಿ ಮನೆಗೆ ಹೋದ. ಮರುದಿನ ಪ್ರೋಗ್ರಾಮು ಒಂದೇ ನಿಮಿಷಕ್ಕೆ ತೆರೆಯಿತು. ತಳದಲ್ಲಿ ಬಿಸಿ ರಸ ಇತ್ತಲ್ಲ, ಅದಕ್ಕೆ. ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಇಷ್ಟು ಓದಿದ ಕೃಷ್ಣಾತನಿಗೂ ತಿಳಿಯದ್ದು ಕುಲುಮೆಯ ಆಳಿಗೆ ತಿಳಿಯಿತು. ಅಂದಿನಿಂದ ದಿನಾ ಹೋಗುವಾಗ ಒಂದನ್ನು ಬಿಟ್ಟು ಹೋಗುತ್ತಿದ್ದ. ಬೆಳಿಗ್ಗೆ ಹೊಸದನ್ನು ತೆರೆದರೆ ಹಳೆಯದು ಅದರಲ್ಲೇ ಬೆರೆಯುತ್ತದೆ ಎಂದುಕೊಂಡಿದ್ದ. ರಸವಾಗಿದ್ದರೆ ಬೆರೆಯುತ್ತಿತ್ತು.

ಮೊದಲು ವಾರಕ್ಕೊಮ್ಮೆ ಸುಟ್ಟಿಯ ದಿನ ಕರೆಂಟು ಇರುತ್ತಿರಲಿಲ್ಲ, ಮಷೀನು ಬಂದಾಗುತ್ತಿತ್ತು, ಬಿಟ್ಟದ್ದೆಲ್ಲ ಅಳಿಸಿಹೋಗುತ್ತಿತ್ತು. ಬ್ಯಾಟರಿ ಬಂದ ಮೇಲೆ ಮಷೀನು ನಿಲ್ಲಲೇ ಇಲ್ಲ.

"ಗುರಣ್ಣಾ!" ಶೆವಂತಾ ಕೂಗಿದಳು. "ಮೊದಲನೇ ಕಾಲಮಿನ್ಯಾಗ ಯಾರ ಹೆಸರೈತಿ ಅಂತ ಕೇಳಾಕತ್ತಾರ."

ಬೆನ್ನ ಹಿಂದೆ ರಾವಸಾಹೇಬರ ಉಸಿರು ಕೇಳುತ್ತಿತ್ತು. ಅವರಿಗೆ ಇಂಗ್ಲಿಷ್ ಸಹಿ ಹಾಕುವಷ್ಟೇ ಬರುತ್ತಿತ್ತು. ಚಷ್ಮಾ ಕ್ಯಾಬಿನ್ನಿನಲ್ಲಿ ಬಿಟ್ಟು ಬಂದಿದ್ದರು. ಗುರುಸಿದ್ದ ಎಡಗೈಯನ್ನು ಪರದೆಯ ಎಡ ಅಂಚಿನ ಮೇಲೆ, ಸುಮ್ಮನೆ ಆನಿಸಿಕೊಂಡವನಂತೆ, ಇಟ್ಟ.

"ಅರ್ಧಾ ನನ್ನವು," ಅಂದ. "ಅರ್ಧಾ ಸ್ಟೋರಿನವು."

ಕಿಟಕಿಯಲ್ಲಿ ಶೆವಂತಾಳ ಮುಖ ಒಂದು ಗಳಿಗೆ ಹಾಗೇ ನಿಂತಿತು. ಮಾತು ಕೇಳಿಸಿರಲಿಕ್ಕಿಲ್ಲ, ಆದರೆ ತುಟಿ ಓದಿದ್ದಳು. ರಾವಸಾಹೇಬರು ಕತ್ತು ತಿರುಗಿಸಿ ಅವಳನ್ನು ನೋಡಿದರು.

"ನಂದು ಬರೇ ಗಟ್ಟಿ ಭಂಗಾರ ತುಂಬೂ ಕೆಲಸಾ," ಅಂದಳು. "ಹೀಟಿಂದು ನಾ ಯಾಕ ತೆಗೀಲಿ?"

"ಫೋನಿನ್ಯಾಗ ಹೇಳು ಮೊದಲ!" ರಾವಸಾಹೇಬರು ಗುಡುಗಿದರು.

ಅವಳು ಹೇಳಿದಳು. ಕೇಳಿಸಿಕೊಂಡಳು. ಮತ್ತೆ ಗಾಜಿನ ಕೋಣೆಯತ್ತ ನೋಡಿದಾಗ ಅವಳ ದನಿ ಬೇರೆಯಾಗಿತ್ತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು: "ಟೈಮಿನ ಬಾಜೂಕ ಪ್ರಶ್ನಾರ್ಥಕ ಚಿಹ್ನಿ ಇದ್ದದ್ದು, ಮಾಲಕ ಬಿಟ್ಟು ಹೋದ ಕೆಲಸಾ ಅಂತ. ಅವನ್ನ ಕೊಲ್ಲಬೇಕು. ಇವತ್ತಿನ ಏಳು ಹನ್ನೆರಡರದ್ದು ಒಂದ ಬಿಡು, ಪ್ರಿಂಟರ್ ಅದರ ಕೈಯಾಗ ಐತಿ. ಅದನ್ನ ಕೊಂದಿ ಅಂದ್ರ ಚೀಟಿ ಇಲ್ಲ. ಕಿಲ್ ಅಂತ ಒತ್ತಿ ನಂಬರ್ ಹಾಕು."

"ಹಂ."

"ಇನ್ನೊಂದು ಮಾತು. ಯಾರ ಹೆಸರಿನ್ಯಾಗ ಐತಿ, ಅವರ ಕೈಲೆ ಮಾತ್ರ ಸಾಯ್ತಾವಂತ. ಬ್ಯಾರೇದವರಿಗಿ ಮಷೀನ ಕೊಡೂದಿಲ್ಲಂತ. ನನ್ನವು ಇದ್ರ ನಾನ ನನ್ನ ಪರದಾಕ ಹೋಗಿ ಕೊಲ್ಲಬೇಕು. ಬರಲೇನು?"

"ಬ್ಯಾಡ," ಅಂದ ಗುರುಸಿದ್ದ. "ಮೊದಲ ನನ್ನವು ತೆಗೀತೇನಿ."

ಹತ್ತು ನಲವತ್ತೆರಡು. ಹಳೆಯ ಚೀಟಿಯೊಂದರ ಬೆನ್ನಿಗೆ ಎಡಗೈಯಿಂದ ಹತ್ತೊಂಬತ್ತು ನಂಬರು ಸೊಟ್ಟಪಟ್ಟ ಬರೆದುಕೊಂಡ. ಏಳು ಹನ್ನೆರಡರ ನಂಬರಿಗೆ ಸುತ್ತು ಹಾಕಿ ಬೇರೆ ಇಟ್ಟ. ಮೊದಲ ನಂಬರು ಒತ್ತಿದ. ಅಕ್ಷರ ಮೂಡುವುದನ್ನು ಕಾಯಬೇಕು. ಕಾಯದೆ ಒತ್ತಿದರೆ ಒಂದು ಅಂಕಿ ಹೆಚ್ಚು ಬಿದ್ದು ಸುತ್ತು ಹಾಕಿದ ನಂಬರೇ ಆಗಿಬಿಡಬಹುದು. ಇವತ್ತಿನದಕ್ಕೂ ನಿನ್ನೆಯದಕ್ಕೂ ಒಂದೇ ಅಂಕಿಯ ಫರಕು ಇತ್ತು.

ಧೊಂಡಿಬಾ ಮತ್ತೆ ಬಾಗಿಲಿಗೆ ಬಂದ. ಕೈಯಲ್ಲಿ ರಸದ ಪರೀಕ್ಷೆಗೆಂದು ಹೊಯ್ದು ಈಗಷ್ಟೇ ಮುರಿದ ಕಬ್ಬಿಣದ ಬೆಣೆ. ಮುರಿದ ಮುಖದ ತುದಿಯಲ್ಲಿ ಬೆಳ್ಳನೆಯ ಅಂಚು.

"ನೋಡ್ರಿ ಸಾಹೇಬ್ರ, ಬಿಳಿ ಏರಾಕತ್ತೈತಿ. ಸಿಲಿಕಾನ್ ಹತ್ತು ಹನ್ನೊಂದು ಕಿಲೋ ಬೇಕು. ನನ್ನ ಕಣ್ಣಿಗಿ ಕಾಣತೈತಿ. ಹಾಕಿ ಹೊಯ್ದು ಬಿಡ್ತೇನಿ."

"ನಿನ್ನ ಕಣ್ಣ ಚೀಟಿ ಹೊಡೀತಾವೇನು? ಆಂವ ಚೀಟಿ ಕೇಳ್ಯಾನ," ರಾವಸಾಹೇಬರು ಇನ್ಸ್‌ಪೆಕ್ಟರಿನತ್ತ ಗದ್ದ ಎತ್ತಿದರು. "ಥಾಂಬ್ ಜರಾ, ತಡಿ."

"ಥಾಂಬಾಕ ನಾ ತಯಾರ್ ಅದೇನ್ರಿ. ರಸಾ ತಯಾರ ಇಲ್ಲ." ಧೊಂಡಿಬಾ ಪರದೆಯತ್ತ ಬಗ್ಗಿದ. "ಗುರಾ, ಇದೇನ್ ಬರ್ಯಾಕತ್ತಿ?"

"ಕೊಲ್ಲು ಅಂತ."

"ಯಾರನ್ನ?"

ಗುರುಸಿದ್ದ ದೊಡ್ಡ ಗುಂಡಿ ಒತ್ತಿದ. ಒಂದು ಹೋಯಿತು. ಮಷೀನು ಏನೂ ಅನ್ನಲಿಲ್ಲ, ಮುಂದಿನ ಸಾಲಿಗೆ ಬಂದು ನಿಂತಿತು. ಎರಡು. ಮೂರು. ಏನೂ ಫರಕು ಕಾಣಲಿಲ್ಲ. ನಾಲ್ಕನೆಯದಕ್ಕೆ ಬೆರಳು ಜಾರಿ ತಪ್ಪು ಅಂಕಿ ಬಿತ್ತು. ಅಳಿಸುವ ಗುಂಡಿ ಒತ್ತಿ, ಅದು ಅಳಿಸುವ ತನಕ ಉಸಿರು ಹಿಡಿದ. ಸುಟ್ಟ ಕೈಯ ಚರ್ಮ ಬೆವರಿನಲ್ಲಿ ತುರಿಸುತ್ತಿತ್ತು. ಏಳನೆಯದಾದ ಮೇಲೆ ಅಕ್ಷರಗಳು ಬೆರಳಿನ ಹಿಂದೆಯೇ ಮೂಡತೊಡಗಿದವು. ಹತ್ತು. ಹನ್ನೊಂದು. ಕಿಟಕಿಯಲ್ಲಿ ಶೆವಂತಾ ರಿಸೀವರು ಹಿಡಿದೇ ನಿಂತಿದ್ದಳು; ಅವನು ಒಂದೊಂದು ಸಲ ದೊಡ್ಡ ಗುಂಡಿ ಒತ್ತಿದಾಗಲೂ ಅವಳ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಅರ್ಧ ಎಂದ ಮೇಲೆ ಹತ್ತಕ್ಕೆ ನಿಲ್ಲಿಸಬೇಕಿತ್ತು. ಚೀಟಿ ಇನ್ನೂ ಬಂದಿರಲಿಲ್ಲ, ನಿಲ್ಲಿಸಲು ಆಗುತ್ತಿರಲಿಲ್ಲ. ಹನ್ನೆರಡು. ಹದಿಮೂರು.

ಹದಿನಾಲ್ಕನೆಯದನ್ನು ಒತ್ತಿದ ಬೆನ್ನಿಗೇ ಪ್ರಿಂಟರು ಕಿರ್ರನೆ ಕೂಗಿತು. ತಲೆ ಅತ್ತಿತ್ತ ಓಡಿ ಕಾಗದ ಮೇಲೇರಿತು. ಗುರುಸಿದ್ದ ಚೀಟಿ ಹರಿದುಕೊಂಡು ಎದ್ದ. ಸಿಲಿಕಾನ್ ಹನ್ನೊಂದು ಕಿಲೋ, ಕಾರ್ಬನ್ ಪುಡಿ ಎರಡು.

"ಹನ್ನೊಂದು!" ಧೊಂಡಿಬಾ ಚೀಟಿಯನ್ನು ಕಸಿದುಕೊಂಡು ಕಟ್ಟೆಯತ್ತ ಓಡುತ್ತಲೇ ಕೂಗಿದ. "ನಾ ಏನ್ ಹೇಳಿದ್ದೆ? ಇಷ್ಟ ಹೇಳಾಕ ಈ ಡಬ್ಬಿಗೆ ಅರ್ಧಾ ತಾಸ ಬೇಕು!"

ಹತ್ತು ಐವತ್ತಾರಕ್ಕೆ ಕುಲುಮೆ ಬಾಗಿತು. ಎರಕ ಹೊಯ್ದರು. ಇನ್ಸ್‌ಪೆಕ್ಟರು ಚೀಟಿಗೆ ಸಹಿ ಹಾಕಿ ಜೇಬಿನಲ್ಲಿಟ್ಟುಕೊಂಡು ಚಹಾ ಕುಡಿಯಲು ಹೋದ. ಅಚ್ಚುಗಳಿಂದ ನೀಲಿ ಉರಿ ಏಳುವುದನ್ನು ಗುರುಸಿದ್ದ ಬಾಗಿಲಲ್ಲಿ ನಿಂತು ನೋಡಿದ. ಕುರ್ಚಿ ಉಳಿಯಿತು ಎಂದುಕೊಂಡ.

ಹಿಂದೆ ರಾವಸಾಹೇಬರ ದನಿ ಕೇಳಿತು. ಶೆವಂತಾ ಫೋನಿಟ್ಟು ಗಾಜಿನ ಕೋಣೆಗೆ ಬಂದಿದ್ದಳು.

"ಎರಡು ಹೀಟ್ ಮಣ್ಣಿಗಿ ಹೋಗ್ಯಾವು," ರಾವಸಾಹೇಬರು ಅವಳಿಗೆ ಹೇಳುತ್ತಿದ್ದರು. "ಇವತ್ತೂ ಹೋಗೂದಿತ್ತು. ಏನರ ಒತ್ತೂದು, ಹಂಗ ಬಿಟ್ಟು ಬಸ್ಸಿಗಿ ಓಡೂದು. ಇದು ನಿಮ್ಮ ಮನಿ ಮಗ್ಗ ಅಲ್ಲ. ನಾಳಿಂದ ಬರಬ್ಯಾಡ. ಸ್ಟೋರಿಗಿ ಬ್ಯಾರೇದವರನ್ನ ನೋಡ್ತೇನಿ."

"ನಮ್ಮ ಮಗ್ಗದಾಗೂ ಸುರು ಇದ್ದದ್ದನ್ನ ಬಿಟ್ಟು ಯಾರೂ ಹೋಗೂದಿಲ್ರಿ," ಅಂದಳು. ಅಳಲಿಲ್ಲ. "ಸಾಹೇಬ್ರ, ಹತ್ತೊಂಬತ್ತು ಇದ್ದೂ. ಗುರಣ್ಣ ಹದಿನಾಕು ಕೊಂದಾನ. ಇನ್ನೂ ಐದು ಜೀವಂತ ಅದಾವು. ಅರ್ಧಾ ನನ್ನವು ಅಂತ ಆಂವ ಅಂದಾನ. ಹಂಗಾರ ಈ ಐದರ ನನ್ನವ ಇರಬೇಕು. ನನ್ನ ಪರದಾದಿಂದ ನಾ ಒಂದು ಕೊಲ್ತೇನಿ. ಸತ್ರ ನಂದ ಖರೆ, ಈಗಿಂದೀಗ ಬಸ್ಸ ಹಿಡೀತೇನಿ. ಮಷೀನ ಕೊಡೂದಿಲ್ಲ ಅಂತಂದ್ರ ಅದು ನಂದಲ್ಲ."

"ಅಂದ್ರ?"

"ಯಾರ ಹೆಸರಿನ್ಯಾಗ ಐತಿ ಅವರ ಕೈಲೆ ಮಾತ್ರ ಸಾಯ್ತಾವ ಅಂತ ಕೃಷ್ಣಾತ ಸಾಹೇಬ್ರು ಫೋನಿನ್ಯಾಗ ಹೇಳಿದ್ರಲ್ರಿ, ನೀವೂ ಕೇಳಿದ್ರಿ." ಅವಳು ಗುರುಸಿದ್ದನತ್ತ ತಿರುಗಿದಳು. "ನಂಬರ್ ಹೇಳು ಗುರಣ್ಣಾ. ಕಾಗದ ನಿನ್ನ ಕೈಯಾಗ ಐತಿ."

ಕಾಗದ ಅವನ ಕೈಯಲ್ಲಿತ್ತು. ಹದಿನಾಲ್ಕಕ್ಕೆ ಗೀಟು ಬಿದ್ದಿತ್ತು, ಐದು ಉಳಿದಿದ್ದವು. ಇಲ್ಲದ ನಂಬರು ಯಾವುದಾದರೂ ಹೇಳಬಹುದಿತ್ತು. ಹೇಳಿದರೆ ಮಷೀನು ಬೇರೆ ಏನೋ ಅನ್ನುತ್ತಿತ್ತು. ಅವಳಿಗೆ ಇಂಗ್ಲಿಷ್ ಬರುತ್ತದೆ, ಓದುತ್ತಿದ್ದಳು. ಮಧ್ಯಾಹ್ನ ಕೃಷ್ಣಾತ ಬರುತ್ತಾನೆ. ಇಷ್ಟೆಲ್ಲ ಅವನ ತಲೆಯಲ್ಲಿ ಓಡಿತು. ಇದರಲ್ಲಿ ದೊಡ್ಡತನ ಏನೂ ಇರಲಿಲ್ಲ. ತಪ್ಪಿಸಿಕೊಳ್ಳುವ ದಾರಿಗಳನ್ನು ಒಂದೊಂದಾಗಿ ನೋಡಿದ. ಪ್ರತಿಯೊಂದರ ಕೊನೆಯಲ್ಲೂ ಈ ಹುಡುಗಿ ಕೈಯೊಡ್ಡಿ ನಂಬರು ಕೇಳುತ್ತ ನಿಂತಿದ್ದಳು.

"ಕೊಡೂದಿಲ್ಲ ಅಂತೈತಿ," ಅಂದ. "ಎಲ್ಲಾ ನನ್ನವರಿ ಸಾಹೇಬ್ರ. ಹತ್ತೊಂಬತ್ತೂ."

ಧೊಂಡಿಬಾ ಆಗಷ್ಟೇ ಒಳಗೆ ಬಂದು, ಲಿಂಬೆಹಣ್ಣಿನ ದಾರ ಸರಿಮಾಡುತ್ತಿದ್ದವನು ಕೈ ನಿಲ್ಲಿಸಿದ.

"ಯಾಕ ಬಿಟ್ಟಿ?" ರಾವಸಾಹೇಬರು ಕೇಳಿದರು.

"ತಳದಾಗ ಇರ್ಲಿ ಅಂತ. ಮುಂಜಾನೆ ಲಗೂನ ಸುರು ಆಗ್ತೈತಿ ಅಂತ."

ಧೊಂಡಿಬಾನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನು ಗೋಡೆ ಹಿಡಿದು ನಕ್ಕ. "ಅಯ್ಯೋ ನಿನ್ನ! ಡಬ್ಬ್ಯಾಗ ರಸಾ ಉಳಿಸ್ಯಾನ್ರೀ! ನಾನ ಕಲಿಸಿದ್ದು, ಡಬ್ಬಿಗಿ ಹಚ್ಚ್ಯಾನ! ಸಾಹೇಬ್ರ, ಇದಕ್ಕ ಬೈಯೂದಿದ್ರ ನನಗ ಬೈರಿ."

ಬೇರೆ ಯಾರೂ ನಗಲಿಲ್ಲ. ಅವನ ನಗೆ ಅರ್ಧಕ್ಕೇ ನಿಂತಿತು.

"ಬಿಟ್ಟಿದ್ದು ಗೊತ್ತಿಲ್ಲದ ಬಿಟ್ಟಿ," ಅಂದರು ರಾವಸಾಹೇಬರು. "ಸ್ಟೋರಿನವು ಅಂದ್ಯಲ್ಲ, ಅದನ್ನ ಗೊತ್ತಿದ್ದ ಅಂದಿ."

"ಹೌದ್ರಿ."

ಅವರು ಕಿಟಕಿಯ ಹೊರಗೆ ನೋಡಿದರು. ಎರಕ ಹೊಯ್ದ ಅಚ್ಚುಗಳು ಸಾಲಾಗಿ ಕೂತಿದ್ದವು. "ನಾಳಿಂದ ಇಲ್ಲಿ ಶೆವಂತಾ ಕೂಡತಾಳ. ಒಂದು ತಿಂಗಳು ನೀ ಬಾಜೂಕ ನಿಂತು ಹೀಟಿನ ಕೆಲಸಾ ಎಲ್ಲಾ ಕಲಸು."

"ಆಮ್ಯಾಲ್ರಿ?"

"ಆಮ್ಯಾಲೆ ನೋಡೂಣು."

ರಾವಸಾಹೇಬರ 'ನೋಡೂಣು' ಏನೆಂದು ಗುರುಸಿದ್ದನಿಗೆ ಗೊತ್ತಿತ್ತು. ಕುಲುಮೆಯಲ್ಲಿದ್ದ ಆರು ವರ್ಷಗಳಲ್ಲಿ ಮೂವರಿಗೆ ಅವರು ಹಾಗೆ ಅಂದದ್ದನ್ನು ಕೇಳಿದ್ದ. ಮೂವರಲ್ಲಿ ಒಬ್ಬನೂ ಈಗ ಇಲ್ಲಿರಲಿಲ್ಲ. ರಾವಸಾಹೇಬರು ಇನ್ಸ್‌ಪೆಕ್ಟರನ್ನು ಹುಡುಕಿಕೊಂಡು ಹೊರಟರು. ಧೊಂಡಿಬಾ ಗುರುಸಿದ್ದನ ಭುಜ ತಟ್ಟಿ ಹೋದ.

ಶೆವಂತಾ ಹೋಗಲಿಲ್ಲ. ಸ್ಟೋರಿನಿಂದ ಒಂದು ಸ್ಟೂಲು ಎಳೆದು ತಂದು, ಕುರ್ಚಿಯ ಪಕ್ಕಕ್ಕೆ ಹಾಕಿ ಕೂತಳು.

"ನಾಳಿಂದ ಅಂದಾರ," ಅಂದ ಗುರುಸಿದ್ದ.

"ಐದು ಉಳದಾವಲ್ಲ. ಅವು ನಾಳೀತನಕ ಇರಬೇಕೇನು?"

ಅವನು ಕುರ್ಚಿಗೆ ಮರಳಿ ಕೂತ. ಯಾದಿಯನ್ನು ಮತ್ತೆ ಕರೆದ. ಈ ಸಲ ಅದು ಕಣ್ಣು ಪಿಳುಕಿಸುವಷ್ಟರಲ್ಲಿ ಬಂತು. ಎಡಗೈ ತಾನಾಗಿ ಪರದೆಯ ಅಂಚಿಗೆ ಹೋಯಿತು, ಅವನು ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಇವತ್ತಿನದೊಂದು ಬಿಟ್ಟು ಐದು ಸಾಲು, ಐದು ಸಲ ಅವನ ಹೆಸರು. ಶೆವಂತಾ ಮುಂದೆ ಬಾಗಿ ಮೊದಲ ಅಂಕಣವನ್ನು ಬೆರಳಿನಿಂದ ಮೇಲಿನಿಂದ ಕೆಳಗೆ ಸವರಿ ಓದಿದಳು.

"ಇದು ಹೆಸರು," ಅವನು ಕಲಿಸತೊಡಗಿದ. "ಇದು ನಂಬರು. ಇದು ಸುರು ಆದ ಹೊತ್ತು. ಪ್ರಶ್ನಾರ್ಥಕ ಚಿಹ್ನಿ ಇದ್ರ..."

"ಅದು ನನಗ ಗೊತ್ತೈತಿ. ನಾನ ನಿನಗ ಹೇಳಿದ್ದು," ಅಂದಳು. "ನಂಬರ್ ಒತ್ತು."

ಒತ್ತಿದ. ಒಂದು ಹೋಯಿತು. ಇನ್ನು ನಾಲ್ಕು.